ಕೋಡೂ ಕಾಯ್ದೆಯೂ ಒಂದೇ ತಲೆಯಲ್ಲಿ

(ಗಡಿನಾಡಿನ ಕಾಲೇಜು ಹುಡುಗ ಹುಡುಗಿಯರ ಜೊತೆ ಆಡಿದ ಮಾತಿನ ಬರಹರೂಪ. ಕೇಳಿದವರು "ಪೇಜಿನಲ್ಲಿ ಹಾಕಿ, ಬರಲಾಗದವರೂ ಓದಲಿ" ಎಂದದ್ದಕ್ಕೆ ಇಲ್ಲಿ ಹಾಕುತ್ತಿದ್ದೇವೆ.)

ನಮ್ಮನ್ನು ಮಾತಾಡ್ಲಿಕ್ಕೆ ಕರೆದಾಗ ನಾವು ಮೊದಲು ಹೇಳಿದ್ದು ಇಷ್ಟೆ: "ನಾವು ಬ್ಯಾಂಕಿನಲ್ಲಿ ಕ್ಲಾರ್ಕ್ ಕೆಲಸ ಮಾಡುವವರು, ಓದಿದ್ದು ಬಿ.ಕಾಂ. ನಮ್ಮಿಂದ ಎಂತ ಕೇಳ್ತೀರಿ ಮಾರಾಯ್ರೆ?" ಕರೆದವರು ಬಿಡಲಿಲ್ಲ. "ಕೌಂಟರಿನಲ್ಲಿ ಕೂತು ನೋಡಿದ್ದನ್ನೇ ಹೇಳಿ" ಅಂದ್ರು. ಹಾಗಾಗಿ ಒಂದು ಕೌಂಟರಿನ ಕಥೆಯಿಂದ ಶುರು ಮಾಡ್ತೇವೆ. ಅಲ್ಲಿಂದ ಅಮೆರಿಕದ ಒಂದು ವಕೀಲರ ಕಚೇರಿಗೆ ಹೋಗಿ, ಮತ್ತೆ ನಿಮ್ಮ ಹತ್ತಿರವೇ ವಾಪಸ್ ಬರುವ.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಪೇಟೆಯಲ್ಲಿ ಹಣ್ಣಿನ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದರು. "ಪೇಮೆಂಟ್ ಹೋಗ್ತಾ ಇಲ್ಲ, ಎಟಿಎಮ್ಮಿನಲ್ಲಿ ದುಡ್ಡೂ ಬರ್ತಾ ಇಲ್ಲ." ಕಂಪ್ಯೂಟರಿನಲ್ಲಿ ನೋಡಿದರೆ ಖಾತೆ ಫ್ರೀಜ್ ಆಗಿತ್ತು. ಖಾತೆಯಲ್ಲಿ ಒಂದು ಲಕ್ಷದ ಎಂಬತ್ತು ಸಾವಿರದಷ್ಟು ಇತ್ತು, ಒಂದು ರೂಪಾಯಿ ತೆಗೀಲಿಕ್ಕೂ ಆಗದು. ಆದದ್ದು ಏನೆಂದರೆ, ಯಾವುದೋ ದೂರದ ರಾಜ್ಯದಲ್ಲಿ ಯಾರಿಗೋ ಆನ್‌ಲೈನಿನಲ್ಲಿ ಮೋಸ ಆಗಿದೆ. ಅವರು 1930ಕ್ಕೆ ಫೋನ್ ಮಾಡಿದ್ದಾರೆ. ಆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದಿದೆ. ಕೊನೆಗೆ ಯಾರೋ ಒಬ್ಬ ಇವರ ಅಂಗಡಿಗೆ ಬಂದು ಆರುನೂರು ರೂಪಾಯಿ ಹಣ್ಣು ತೆಗೆದುಕೊಂಡು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹೋಗಿದ್ದಾನೆ. ಹಣ ಹೋದ ದಾರಿಯಲ್ಲಿದ್ದ ಖಾತೆಗಳನ್ನೆಲ್ಲ ತಡೆಯಿರಿ ಎಂದು ಅಲ್ಲಿಂದ ಸೂಚನೆ ಬಂದಿದೆ.

"ಆ ಆರುನೂರು ಇಟ್ಟುಕೊಳ್ಳಿ, ಉಳಿದದ್ದು ಬಿಡಿ" ಅಂದ್ರು ಅವರು. ಎಷ್ಟು ನ್ಯಾಯದ ಮಾತು! ನಾವು ಹೇಳಿದ್ದು ಕೌಂಟರಿನವರು ಯಾವಾಗಲೂ ಹೇಳುವ ಮಾತು: "ಮೇಲಿನಿಂದ ಬಂದದ್ದು, ನಮ್ಮ ಕೈಯಲ್ಲಿ ಇಲ್ಲ."

ಅವರು ವಕೀಲರ ಹತ್ತಿರ ಹೋದರು. ಒಳ್ಳೆ ವಕೀಲರು, ಜಾಗದ ತಕರಾರಿನಲ್ಲಿ ಎತ್ತಿದ ಕೈ. ಆದರೆ ಯುಟಿಆರ್ ನಂಬರ್ ಎಂದರೆ ಏನು, ಹಣ ಎಷ್ಟನೇ ಹಂತದಲ್ಲಿ ಇವರ ಖಾತೆಗೆ ಬಂತು, ಇದೆಲ್ಲ ಅವರಿಗೆ ಹೊಸತು. ನಮಗೆ ಯುಟಿಆರ್ ಗೊತ್ತಿತ್ತು, ಕಾನೂನು ಗೊತ್ತಿರಲಿಲ್ಲ. ಹೀಗೆ ಎರಡು ತಿಂಗಳು ಹೋಯಿತು. ಕೊನೆಗೊಂದು ಸಂಜೆ ಅಂಗಡಿಯವರು ವಕೀಲರನ್ನು ಕರೆದುಕೊಂಡೇ ಬಂದರು. ನಾವು ಒಂದು ಪೇ-ಇನ್ ಸ್ಲಿಪ್ಪಿನ ಹಿಂದೆ ಉರುಟು ಉರುಟು ಗೆರೆ ಹಾಕಿ, ಬಾಣ ಎಳೆದು, ಹಣ ಬಂದ ದಾರಿ ತೋರಿಸಿದೆವು. ವಕೀಲರು ಎರಡು ನಿಮಿಷ ನೋಡಿ, "ಹಾಗಾದ್ರೆ ಇವರು ನಾಲ್ಕನೇ ಮನೆಯವರು. ಇವರಲ್ಲಿ ತಕರಾರಿನ ಹಣ ಅಂತ ಇರುವುದು ಆರುನೂರು ಮಾತ್ರ, ಅಲ್ವಾ?" ಅಂದ್ರು. ಅರ್ಜಿಯ ಜೀವ ಅದೇ ಒಂದು ಸಾಲು. ತಡೆ ಆರುನೂರಕ್ಕೆ ಇಳಿಯಿತು. ಆದರೆ ಅಷ್ಟರಲ್ಲಿ ನಾಲ್ಕು ತಿಂಗಳಾಗಿತ್ತು. ಮಾವಿನ ಸೀಸನ್ ಮುಗಿದಿತ್ತು. ಅವರು ಮಾಡಿದ ಕೈಸಾಲದ ಬಡ್ಡಿ ಯಾರೂ ಕೊಡಲಿಲ್ಲ.

2023ರಲ್ಲಿ ಕೇರಳ ಹೈಕೋರ್ಟ್ ಇಂಥದೇ ಹಲವು ಅರ್ಜಿಗಳನ್ನು ಒಟ್ಟಿಗೆ ಕೇಳಿ, ಪೊಲೀಸರು ಹೇಳಿದ ಮೊತ್ತಕ್ಕಷ್ಟೇ ತಡೆ ಇರಬೇಕು ಎಂದು ಬ್ಯಾಂಕುಗಳಿಗೆ ಹೇಳಿತು. ಅಂದರೆ ನಮ್ಮ ಹಣ್ಣಿನ ಅಂಗಡಿಯವರು ಕೌಂಟರಿನಲ್ಲಿ ನಿಂತು ಮೊದಲ ದಿನವೇ ಹೇಳಿದ್ದು ಸರಿ ಇತ್ತು. ಅದನ್ನು ಕಾನೂನಿನ ಭಾಷೆಯಲ್ಲಿ ಹೇಳುವವರು ಆ ದಿನ ಅಲ್ಲಿ ಇರಲಿಲ್ಲ.

ಆ ಸ್ಲಿಪ್ಪು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಅರ್ಧ ತಿಳಿದವರು ಇಬ್ಬರು ಒಂದು ಮೇಜಿಗೆ ಬರಲು ಎರಡು ತಿಂಗಳು ಬೇಕಾಯಿತು. ಆ ಎರಡು ಅರ್ಧ ಒಂದೇ ತಲೆಯಲ್ಲಿ ಇದ್ದಿದ್ದರೆ? ಯಂತ್ರದ ಒಳಗೆ ಏನಾಗುತ್ತದೆ ಎಂದು ಗೊತ್ತಿದ್ದವರೇ ವಕೀಲರೂ ಆಗಿದ್ದರೆ? ಇದನ್ನು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ ಹೆಸರು ಎಬೆನ್ ಮೋಗ್ಲೆನ್. ಇವತ್ತು ನಿಮಗೆ ಹೇಳಬೇಕು ಎಂದುಕೊಂಡದ್ದು ಅವರ ಕಚೇರಿಯ ಕಥೆ.

ಮೋಗ್ಲೆನ್ ಹುಟ್ಟಿದ್ದು 1959ರಲ್ಲಿ. ಹದಿಹರೆಯದಲ್ಲೇ ಸಂಬಳಕ್ಕೆ ಪ್ರೋಗ್ರಾಂ ಬರೆಯುತ್ತಿದ್ದವರು. 1979ರಿಂದ ಐಬಿಎಂ ಕಂಪನಿಯಲ್ಲಿ ಕೆಲಸ. ಅಲ್ಲಿ ಅವರ ಕೆಲಸ ಪ್ರೋಗ್ರಾಮಿಂಗ್ ಭಾಷೆಗಳನ್ನೇ ರೂಪಿಸುವುದು. ಅಂದರೆ ಉಳಿದವರು ಕೋಡ್ ಬರೆಯಲು ಬಳಸುವ ವ್ಯಾಕರಣವನ್ನು ಕಟ್ಟುವವರು. ಒಳ್ಳೆ ಕೆಲಸ, ಒಳ್ಳೆ ಸಂಬಳ. ಅದನ್ನು ಬಿಟ್ಟು ಯೇಲ್ ವಿಶ್ವವಿದ್ಯಾಲಯದಲ್ಲಿ 1985ಕ್ಕೆ ಕಾನೂನು ಪದವಿ ಮುಗಿಸಿದರು. ಆಮೇಲೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರ ಬಳಿ ಲಾ ಕ್ಲಾರ್ಕ್ ಆಗಿದ್ದರು. ಮಾರ್ಷಲ್ ಅಲ್ಲಿನ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ. ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ವಾದಿಸಿ 1954ರಲ್ಲಿ ಗೆದ್ದ ವಕೀಲರು. (ಕ್ಲಾರ್ಕ್ ಎಂಬ ಶಬ್ದ ಕೇಳಿ ನಮಗೂ ಸ್ವಲ್ಪ ಖುಷಿ ಆಯಿತು. ಆ ಕ್ಲಾರ್ಕೇ ಬೇರೆ, ನಾವೇ ಬೇರೆ, ಅದು ಗೊತ್ತುಂಟು.) 1987ರಿಂದ ಮೋಗ್ಲೆನ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸತೊಡಗಿದರು.

ಎಂಜಿನಿಯರಿಂಗ್ ಕೆಲಸದ ತಲೆ ವಕೀಲಿಯಲ್ಲಿ ಎಲ್ಲಿ ಉಪಯೋಗಕ್ಕೆ ಬಂತು? ಮೊದಲ ಉದಾಹರಣೆ ಪಿಜಿಪಿ ಪ್ರಕರಣ.

1991ರಲ್ಲಿ ಫಿಲ್ ಝಿಮ್ಮರ್‌ಮನ್ ಎಂಬವರು ಪಿಜಿಪಿ ಎಂಬ ಪ್ರೋಗ್ರಾಂ ಬರೆದು ಹಂಚಿದರು. ನೀವು ಕಳಿಸುವ ಇಮೇಲ್ ಬೇರೆ ಯಾರಿಗೂ ಓದಲಾಗದ ಹಾಗೆ ಗೂಢಲಿಪಿ ಮಾಡುವ ಪ್ರೋಗ್ರಾಂ ಅದು. ಆ ಕಾಲದ ಅಮೆರಿಕದ ಕಾನೂನಿನಲ್ಲಿ ಗಟ್ಟಿಯಾದ ಗೂಢಲಿಪಿ ತಂತ್ರ ಯುದ್ಧಸಾಮಗ್ರಿಯ ಪಟ್ಟಿಯಲ್ಲಿತ್ತು. ಪ್ರೋಗ್ರಾಂ ಇಂಟರ್‌ನೆಟ್ ಮೂಲಕ ಹೊರದೇಶಕ್ಕೆ ಹೋಯಿತು, ಅಂದರೆ ಅನುಮತಿ ಇಲ್ಲದೆ ಮದ್ದುಗುಂಡು ರಫ್ತು ಮಾಡಿದ ಹಾಗೆ! 1993ರಲ್ಲಿ ಝಿಮ್ಮರ್‌ಮನ್ ಮೇಲೆ ಕ್ರಿಮಿನಲ್ ತನಿಖೆ ಶುರುವಾಯಿತು. ಅವರ ಪರ ನಿಂತ ವಕೀಲರಲ್ಲಿ ಮೋಗ್ಲೆನ್ ಒಬ್ಬರು.

ಇದರ ನಡುವೆ ಒಂದು ತಮಾಷೆ ನಡೆಯಿತು. 1995ರಲ್ಲಿ ಎಂಐಟಿ ಪ್ರೆಸ್ ಅದೇ ಪಿಜಿಪಿಯ ಪೂರ್ತಿ ಸೋರ್ಸ್ ಕೋಡನ್ನು ಪುಸ್ತಕವಾಗಿ ಅಚ್ಚು ಹಾಕಿತು. ಪುಸ್ತಕವನ್ನು ಹೊರದೇಶಕ್ಕೆ ಕಳಿಸಲು ಅಡ್ಡಿ ಇಲ್ಲ, ಅದು ಮಾತಾಡುವ ಸ್ವಾತಂತ್ರ್ಯದ ಒಳಗೆ ಬರುತ್ತದೆ. ಫ್ಲಾಪಿಯಲ್ಲಿದ್ದರೆ ಆಯುಧ, ಕಾಗದದಲ್ಲಿದ್ದರೆ ಪುಸ್ತಕ. ಅಕ್ಷರ ಮಾತ್ರ ಅದೇ. ಕೋಡ್ ಎಂದರೆ ಮನುಷ್ಯ ಮನುಷ್ಯನಿಗೆ ಓದಲು ಬರೆದ ಬರಹವೂ ಹೌದು ಎಂದು ಪ್ರೋಗ್ರಾಂ ಬರೆದು ಗೊತ್ತಿರುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1996ರ ಜನವರಿಯಲ್ಲಿ ಆರೋಪಪಟ್ಟಿ ಹಾಕದೆ ತನಿಖೆ ಕೈಬಿಟ್ಟರು. ಇವತ್ತು ನೀವು ವಾಟ್ಸಾಪಿನಲ್ಲಿ ಕಳಿಸುವ ಮೆಸೇಜಿಗೂ, ನಮ್ಮ ಬ್ಯಾಂಕಿನ ಆ್ಯಪಿಗೂ ಗೂಢಲಿಪಿಯ ಬೀಗ ಇದೆ. ಒಂದು ಕಾಲದಲ್ಲಿ ಅಂಥ ಬೀಗವನ್ನೇ ತೋಪು ಎಂದು ಕರೆದಿದ್ದರು.

ಎರಡನೆಯದು ಜಿಪಿಎಲ್. ಇದು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ಮೋಗ್ಲೆನ್ ಅವರ ಕಚೇರಿಯ ಬೆನ್ನೆಲುಬು.

ನಮ್ಮ ಮನೆಗಳಲ್ಲಿ ಹೆಪ್ಪು ಕೇಳುವ ಅಭ್ಯಾಸ ಇದೆಯಲ್ಲ? ಮೊಸರು ಮುಗಿದು ಹೋದರೆ ನೆರೆಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ನಾಳೆ ಇನ್ನೊಬ್ಬರು ಬಂದು ಕೇಳಿದರೆ ನಾವು ಕೊಡುತ್ತೇವೆ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಹೊರತಂದ ಜಿಪಿಎಲ್ ಎಂಬ ಪರವಾನಗಿ ಹೆಚ್ಚು ಕಡಿಮೆ ಇದೇ ಲೆಕ್ಕ. ಈ ಪ್ರೋಗ್ರಾಂ ತಕ್ಕೊಳ್ಳಿ, ಬಳಸಿ, ತಿದ್ದಿ, ಮಾರಿ ಕೂಡ. ಆದರೆ ಇನ್ನೊಬ್ಬರಿಗೆ ಕೊಡುವಾಗ ಅದರ ಸೋರ್ಸ್ ಕೋಡನ್ನೂ ಇದೇ ಹಕ್ಕನ್ನೂ ಅವರಿಗೂ ಕೊಡಬೇಕು. ಹೆಪ್ಪು ತಕ್ಕೊಂಡು ಮೊಸರಿನ ಅಂಗಡಿ ಹಾಕಿ, ಬೇಡ ಅನ್ನುವುದಿಲ್ಲ. ಹೆಪ್ಪಿಗೆ ಮಾತ್ರ ಬೀಗ ಹಾಕಬೇಡಿ.

ಹೆಪ್ಪು ಕೊಡದಿದ್ದರೆ ನೆರೆಕರೆಯವರು ಮುಖ ತಿರುಗಿಸಬಹುದು ಅಷ್ಟೆ. ಜಿಪಿಎಲ್ ಹಿಂದೆ ಕಾಪಿರೈಟ್ ಕಾನೂನೇ ನಿಂತಿದೆ. ಷರತ್ತು ಮುರಿದರೆ ಪರವಾನಗಿ ಹೋಗುತ್ತದೆ. ಪರವಾನಗಿ ಹೋದ ಮೇಲೂ ಪ್ರತಿ ಹಂಚುವುದು ಕಾಪಿರೈಟ್ ಉಲ್ಲಂಘನೆ. ಮೋಗ್ಲೆನ್ 1994ರಿಂದ 2016ರವರೆಗೆ ಸ್ಟಾಲ್‌ಮನ್ ಅವರ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಮುಖ್ಯ ವಕೀಲರಾಗಿದ್ದರು, ಶುಲ್ಕ ಇಲ್ಲದೆ. ಆರಂಭದ ವರ್ಷಗಳಲ್ಲಿ ಷರತ್ತು ಮುರಿದ ಕಂಪನಿಗಳ ಜೊತೆ ಸದ್ದಿಲ್ಲದೆ ಮಾತಾಡಿಯೇ ಸರಿಮಾಡುತ್ತಿದ್ದರು, ಕೋರ್ಟಿಗೆ ಹೋಗುತ್ತಿರಲಿಲ್ಲ. "ಕೋರ್ಟಿನಲ್ಲಿ ಪರೀಕ್ಷೆ ಆಗದ ಪರವಾನಗಿ ಅದು" ಎಂದು ಕೆಲವರು ಹಂಗಿಸುತ್ತಿದ್ದದ್ದೂ ಹೌದು.

2005ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅವರು ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಎಂಬ ಕಚೇರಿ ತೆರೆದರು. ಓಪನ್ ಸೋರ್ಸ್ ಡೆವಲಪ್‌ಮೆಂಟ್ ಲ್ಯಾಬ್ಸ್ ಎಂಬ ಸಂಸ್ಥೆ ಮೊದಲ ಬಂಡವಾಳವಾಗಿ 40 ಲಕ್ಷ ಡಾಲರ್ ಒದಗಿಸಿತು. ಕಕ್ಷಿದಾರರು ಯಾರು? ಸಂಬಳ ಇಲ್ಲದೆ, ರಾತ್ರಿ ಕೂತು ಕೋಡ್ ಬರೆದು ಲೋಕಕ್ಕೆ ಹಂಚುವವರು. ಅವರಿಂದ ಶುಲ್ಕ ಇಲ್ಲ. ಕಚೇರಿಯ ಕೆಲಸ ಅವರ ಪರವಾನಗಿ ನೋಡಿಕೊಳ್ಳುವುದು, ಅವರ ಕೂಟಗಳಿಗೆ ಕಾನೂನಿನ ರೂಪ ಕೊಡುವುದು, ಅವರ ಹಕ್ಕು ಮುರಿದರೆ ಹೋರಾಡುವುದು.

ಅಂಥವರಲ್ಲಿ ಇಬ್ಬರು ಎರಿಕ್ ಆಂಡರ್ಸನ್ ಮತ್ತು ರಾಬ್ ಲ್ಯಾಂಡ್ಲಿ. ಅವರ ಕೈಕೆಲಸ ಬ್ಯುಸಿಬಾಕ್ಸ್ ಎಂಬ ಪುಟ್ಟ ಪ್ರೋಗ್ರಾಂ. ರೂಟರ್, ಟಿವಿ, ಸೆಟ್‌ಟಾಪ್ ಪೆಟ್ಟಿಗೆ ಮುಂತಾದ ಸಣ್ಣ ಯಂತ್ರಗಳ ಒಳಗೆ ಲಿನಕ್ಸ್ ಓಡಿಸಲು ಅದು ಬೇಕು. ಅನೇಕ ಕಂಪನಿಗಳು ಅದನ್ನು ಪುಕ್ಕಟೆ ತಕ್ಕೊಂಡು ಪೆಟ್ಟಿಗೆಯೊಳಗೆ ಹಾಕಿ ಮಾರುತ್ತಿದ್ದವು, ಸೋರ್ಸ್ ಕೋಡ್ ಕೊಡುತ್ತಿರಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆ ಎಂದು ನಮ್ಮ ನಿಮ್ಮಂಥವರಿಗೆ ಗೊತ್ತಾಗುವುದಿಲ್ಲ. ಫರ್ಮ್‌ವೇರ್ ಬಿಚ್ಚಿ ಓದಲು ಬರುವವರಿಗೆ ಅದರೊಳಗೆ ಬ್ಯುಸಿಬಾಕ್ಸ್ ಎಂಬ ಹೆಸರೂ ಆವೃತ್ತಿಯ ಸಂಖ್ಯೆಯೂ ಕಾಣಸಿಗುತ್ತದೆ. ಅದೇ ಸಾಕ್ಷಿ. ಇಂಥ ಸಾಕ್ಷಿ ಮುಂದಿಟ್ಟಾಗ ಅದು ಏನು, ಎಷ್ಟು ಗಟ್ಟಿ ಎಂದು ವಕೀಲರಿಗೂ ಅರ್ಥ ಆಗಬೇಕು.

2007ರ ಸೆಪ್ಟೆಂಬರಿನಲ್ಲಿ ಈ ಕಚೇರಿ ಮಾನ್ಸೂನ್ ಮಲ್ಟಿಮೀಡಿಯಾ ಎಂಬ ಕಂಪನಿಯ ಮೇಲೆ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿತು. ಜಿಪಿಎಲ್ ಮುರಿದದ್ದಕ್ಕೆ ಅಮೆರಿಕದಲ್ಲಿ ಹಾಕಿದ ಮೊದಲ ದಾವೆ ಅದು. ಮರುತಿಂಗಳೇ ರಾಜಿ ಆಯಿತು. ಕಂಪನಿ ಸೋರ್ಸ್ ಕೋಡ್ ಪ್ರಕಟಿಸಲು ಒಪ್ಪಿತು, ಪರವಾನಗಿ ಪಾಲನೆ ನೋಡಿಕೊಳ್ಳಲಿಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಲು ಒಪ್ಪಿತು, ಹಣವನ್ನೂ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ದೂರಸಂಪರ್ಕದ ದೈತ್ಯ ವೆರೈಝನ್ ಮೇಲೆ ದಾವೆ. 2008ರ ಮಾರ್ಚಿನಲ್ಲಿ ಅದೂ ರಾಜಿ. 2009ರ ಡಿಸೆಂಬರಿನಲ್ಲಿ ಒಂದೇ ಸಲಕ್ಕೆ 14 ಕಂಪನಿಗಳ ಮೇಲೆ. ಅದರಲ್ಲೊಂದು ವೆಸ್ಟಿಂಗ್‌ಹೌಸ್ ಡಿಜಿಟಲ್, ಟಿವಿ ಮಾಡುವ ಕಂಪನಿ. 2010ರಲ್ಲಿ ಕೋರ್ಟ್ ಅದಕ್ಕೆ 90,000 ಡಾಲರ್ ಪರಿಹಾರ ವಿಧಿಸಿ, ಆ ಟಿವಿಗಳ ಮಾರಾಟಕ್ಕೂ ತಡೆ ಹಾಕಿತು. ಹಂಗಿಸುತ್ತಿದ್ದವರ ಬಾಯಿ ಅಲ್ಲಿಗೆ ಮುಚ್ಚಿತು.

ಗೆಳೆಯರೆ, ಇಲ್ಲಿ ಒಂದು ವಿಷಯ ಗಮನಿಸಿ. ಹಕ್ಕು ಕಾಗದದಲ್ಲಿ 1989ರಿಂದಲೂ ಇತ್ತು. ಅಮೆರಿಕದ ಕೋರ್ಟಿನ ಮೆಟ್ಟಿಲು ಹತ್ತಿದ್ದು 2007ರಲ್ಲಿ, ಅಂದರೆ 18 ವರ್ಷದ ಮೇಲೆ. ಕಾಗದದಲ್ಲಿ ಹಕ್ಕು ಇರುವುದು ಎಂದರೇನು, ಅದನ್ನು ಕೈಗೆ ತಂದುಕೊಳ್ಳುವುದು ಎಂದರೇನು ಎಂದು ಗಡಿಯಲ್ಲಿ ಬೆಳೆದ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಈಗ ನಮ್ಮ ಇಲಾಖೆಗೆ ಹತ್ತಿರದ ಒಂದು ಪ್ರಕರಣ. ಇಬ್ಬರು ಪರಸ್ಪರ ಹಣ ಕೊಡಬೇಕಾಗಿದೆ ಅನ್ನಿ. ಒಬ್ಬ ಕೊಟ್ಟು ಇನ್ನೊಬ್ಬ ಕೈ ಎತ್ತಿದರೆ? ಅದಕ್ಕೆ ನಡುವೆ ಒಬ್ಬ ಮೂರನೆಯವನನ್ನು ಇಟ್ಟು, ಇಬ್ಬರ ಲೆಕ್ಕವನ್ನೂ ಅವನು ಬರೆದುಕೊಂಡು, ಬ್ಯಾಲೆನ್ಸ್ ಇದ್ದರೆ ಮಾತ್ರ ವ್ಯವಹಾರ ಬಿಡುವುದು, ದಿನದ ಕೊನೆಗೆ ಚುಕ್ತಾ ಮಾಡುವುದು. ವ್ಯಾಪಾರಿಗಳಿಗೆ ಇದು ಹಳೇ ಉಪಾಯ, ಕ್ಲಿಯರಿಂಗ್ ನೋಡಿದ ನಮಗೂ ಹೊಸತಲ್ಲ. ಅಲೈಸ್ ಕಾರ್ಪೊರೇಶನ್ ಎಂಬ ಕಂಪನಿ "ಇದನ್ನೇ ಕಂಪ್ಯೂಟರಿನಲ್ಲಿ ಮಾಡುವುದು" ಎಂದು ಪೇಟೆಂಟ್ ಪಡೆದಿತ್ತು! ವಿದೇಶಿ ವಿನಿಮಯದ ವ್ಯವಹಾರ ಚುಕ್ತಾ ಮಾಡುವ ಸಿಎಲ್‌ಎಸ್ ಬ್ಯಾಂಕಿಗೂ ಅದಕ್ಕೂ ಜಗಳ ಹತ್ತಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಮೋಗ್ಲೆನ್ ಅವರ ಕಚೇರಿ, ತಾನು ಕಕ್ಷಿಯಲ್ಲದಿದ್ದರೂ, ಕೋರ್ಟಿಗೆ ನೆರವಾಗಲು ಲಿಖಿತ ವಾದ ಸಲ್ಲಿಸಿತು. 2014ರ ಜೂನ್ 19ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಪೇಟೆಂಟ್ ನಿಲ್ಲದು ಎಂದರು. ಹಳೆಯ ಉಪಾಯವನ್ನು ಸಾಮಾನ್ಯ ಕಂಪ್ಯೂಟರಿಗೆ ಏರಿಸಿದ ಮಾತ್ರಕ್ಕೆ ಅದು ಹೊಸ ಆವಿಷ್ಕಾರ ಆಗುವುದಿಲ್ಲ ಎಂಬುದು ತೀರ್ಪಿನ ಸಾರ. ಕಂಪ್ಯೂಟರ್ ಇಲ್ಲಿ ಏನು ಹೊಸತು ಮಾಡಿತು, ಏನು ಮಾಡಲಿಲ್ಲ ಎಂದು ಬಿಡಿಸಿ ಹೇಳುವುದೇ ಇಡೀ ವಾದ. ಅದು ಅರ್ಧ ಎಂಜಿನಿಯರಿಂಗ್, ಅರ್ಧ ಕಾನೂನು.

"ಅಮೆರಿಕದ ಕಥೆ ಸಾಕು, ನಮಗೆ ಎಂತ?" ಅಂತ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿತು. ಸರಿಯಾದ ಪ್ರಶ್ನೆ.

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿದವರು ಕೈ ಎತ್ತಿ. ನಿಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಇದ್ದದ್ದು ಯಾವ ಸಿಸ್ಟಂ? ಲಿನಕ್ಸ್, ಅಲ್ವಾ? ಕೇರಳ ಸರಕಾರ ಐಟಿ@ಸ್ಕೂಲ್ ಯೋಜನೆಯಲ್ಲಿ, ಈಗಿನ ಕೈಟ್‌ನಲ್ಲಿ, ಶಾಲೆಗಳಿಗೆ ಮುಕ್ತ ತಂತ್ರಾಂಶವನ್ನೇ ಕೊಟ್ಟಿದೆ. ಐಟಿ ಪಠ್ಯಪುಸ್ತಕ ನಿಮಗೆ ಕನ್ನಡದಲ್ಲೇ ಸಿಕ್ಕಿತು. ಆ ಲಿನಕ್ಸ್ ಇರುವುದು ಜಿಪಿಎಲ್ ಅಡಿಯಲ್ಲಿ. ಯಾರ ಅನುಮತಿಗೂ ಕಾಯದೆ ಅದನ್ನು ತಿದ್ದಬಹುದು, ಕನ್ನಡ ಫಾಂಟ್ ಸೇರಿಸಬಹುದು, ಮೆನುವನ್ನು ಕನ್ನಡಕ್ಕೆ ತರಬಹುದು. ಒಂದು ಕಂಪನಿಗೆ "ನಿಮ್ಮ ಭಾಷೆಯ ಗಿರಾಕಿ ಕಡಿಮೆ" ಅನ್ನಿಸಿದರೆ ಅಲ್ಲಿಗೆ ಕೆಲಸ ನಿಲ್ಲುವುದಿಲ್ಲ. ಅಂದರೆ ನೀವು ಒಂಬತ್ತನೇ ತರಗತಿಯಲ್ಲಿ ಮೌಸ್ ಹಿಡಿದಾಗಲೇ ಮೋಗ್ಲೆನ್ ಕಾದ ಹೆಪ್ಪು ನಿಮ್ಮ ಪಾತ್ರೆಯಲ್ಲಿತ್ತು. ಜಿಪಿಎಲ್‌ನ ಮೂರನೇ ಆವೃತ್ತಿಯ ಕರಡನ್ನು ಲೋಕವೆಲ್ಲ ಕೂಡಿ ಚರ್ಚಿಸಿದಾಗ, 2006ರ ಆಗಸ್ಟಿನಲ್ಲಿ ಅದರ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಆ ಆವೃತ್ತಿ 2007ರ ಜೂನ್ 29ರಂದು ಹೊರಬಂತು.

2010ರಲ್ಲಿ ದೆಹಲಿಯಲ್ಲಿ ಇದರ ಭಾರತದ ಸಂಸ್ಥೆ ಶುರುವಾಯಿತು. ಕಟ್ಟಿದವರು ಮೋಗ್ಲೆನ್ ಜೊತೆ ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ ವಕೀಲೆ ಮಿಶಿ ಚೌಧರಿ. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ. 2015ರ ಆಗಸ್ಟಿನಲ್ಲಿ ಪೇಟೆಂಟ್ ಕಚೇರಿ ಹೊರಡಿಸಿದ ಮಾರ್ಗಸೂಚಿ ಆ ಬಾಗಿಲನ್ನು ಸಡಿಲ ಮಾಡಿತು. ಈ ಸಂಸ್ಥೆಯೂ ಬೇರೆಯವರೂ ಸೇರಿ ಆಕ್ಷೇಪ ಎತ್ತಿದರು. ಡಿಸೆಂಬರಿನಲ್ಲಿ ಮಾರ್ಗಸೂಚಿಗೆ ತಡೆ ಬಿತ್ತು, 2016ರ ಫೆಬ್ರವರಿಯಲ್ಲಿ ಬಿಗಿಯಾದ ಹೊಸದು ಬಂತು. 2017ರಲ್ಲಿ ಮತ್ತೆ ಬದಲಾಯಿತು. ಇಂಥ ಕೆಲಸದಲ್ಲಿ ಒಮ್ಮೆ ಗೆದ್ದು ಮನೆಗೆ ಹೋಗಿ ಮಲಗುವ ಹಾಗಿಲ್ಲ.

ಇನ್ನೊಂದು ಪ್ರಕರಣ ಹುಡುಗಿಯರು ಕೇಳಲೇಬೇಕು. ಕೋಯಿಕ್ಕೋಡ್ ಜಿಲ್ಲೆಯ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲ್ ಬಳಸಬಾರದು ಎಂಬ ನಿಯಮ ಇತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಆಕೆ ಕೇರಳ ಹೈಕೋರ್ಟಿಗೆ ಹೋದಳು. ಈ ದೆಹಲಿಯ ಸಂಸ್ಥೆ ಅದರಲ್ಲಿ ಮಧ್ಯಪ್ರವೇಶ ಮಾಡಿತು. 2019ರ ಸೆಪ್ಟೆಂಬರ್ 19ರಂದು ಹೈಕೋರ್ಟ್, ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಆಕೆಯನ್ನು ವಾಪಸ್ ಸೇರಿಸಲು ಆದೇಶಿಸಿತು.

ಹೊಗಳಿಯೇ ಮುಗಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ. ಬ್ಯುಸಿಬಾಕ್ಸ್ ದಾವೆಗಳಲ್ಲಿ ಈ ಕಚೇರಿಯ ಕಕ್ಷಿದಾರರಾಗಿ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆಯೂ ಇತ್ತು. 2006ರಲ್ಲಿ ಅದು ಹುಟ್ಟಲು ನೆರವಾದದ್ದೂ ಇದೇ ಕಚೇರಿ. 2017ರಲ್ಲಿ ಮೋಗ್ಲೆನ್ ಅವರ ಕಚೇರಿ ಆ ಸಂಸ್ಥೆಯ ಹೆಸರಿನ ಟ್ರೇಡ್‌ಮಾರ್ಕನ್ನೇ ರದ್ದು ಮಾಡಿ ಎಂದು ಅರ್ಜಿ ಹಾಕಿತು. ಒಂದೇ ಗುರಿಯವರು ಹೆಸರಿಗಾಗಿ ಕಚ್ಚಾಡುವುದು ನೋಡಿ ಅನೇಕರಿಗೆ ಬೇಸರ ಆಯಿತು. ಸಂಘ ಸಂಸ್ಥೆ ಕಟ್ಟಿದ ಅನುಭವ ಇರುವ ಹಿರಿಯರು ಇಲ್ಲಿ ನಗುತ್ತಾ ಇದ್ದಾರೆ. ಅವರಿಗೆ ಇದು ಹೊಸತಲ್ಲ! ಬುದ್ಧಿವಂತರ ಕಚೇರಿ ಎಂದ ಮಾತ್ರಕ್ಕೆ ದೇವರ ಕೋಣೆ ಆಗುವುದಿಲ್ಲ. ಕಲಿಯುವುದನ್ನು ಕಲಿತು, ಉಳಿದದ್ದನ್ನು ಬಿಡುವ.

ಈಗ ನಿಮ್ಮ ವಿಷಯ.

ನಿಮ್ಮಲ್ಲಿ ಹಲವರು ಬಿ.ಇ., ಡಿಪ್ಲೊಮಾ, ಬಿ.ಎಸ್ಸಿ., ಬಿಸಿಎ ಓದುತ್ತಿದ್ದೀರಿ. ಮುಗಿದ ಮೇಲೆ ಮಂಗಳೂರು, ಬೆಂಗಳೂರು, ಪುಣೆ, ಹೈದರಾಬಾದ್ ಬಸ್ಸು ಹತ್ತುತ್ತೀರಿ. ಹೋಗಿ, ತಪ್ಪಿಲ್ಲ. ಆದರೆ ಇನ್ನೊಂದು ದಾರಿ ಉಂಟು ಎಂದು ತಿಳಿದಿರಲಿ.

ಯಾವುದೇ ಪದವಿ ಆದವರು ಮೂರು ವರ್ಷದ ಎಲ್‌ಎಲ್.ಬಿ. ಸೇರಬಹುದು. ವಕೀಲಿಗೆ ಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವೀಧರರಿಗೆ ಇನ್ನೂ ಒಂದು ಬಾಗಿಲಿದೆ: ಪೇಟೆಂಟ್ ಏಜೆಂಟ್ ಪರೀಕ್ಷೆ. ಇಪ್ಪತ್ತೊಂದು ವರ್ಷ ತುಂಬಿರಬೇಕು, ಭಾರತದ ಪ್ರಜೆ ಆಗಿರಬೇಕು. ಪಾಸಾದರೆ ಪೇಟೆಂಟ್ ಕಚೇರಿಯ ಮುಂದೆ ಅರ್ಜಿದಾರರ ಪರ ನಿಲ್ಲಬಹುದು, ಕಾನೂನು ಪದವಿ ಬೇಕಾಗಿಲ್ಲ. ಬಿ.ಕಾಂ. ಓದಿದ ನಮಗೆ ಆ ಬಾಗಿಲು ಇಲ್ಲ. ನಿಮಗೆ ಇದೆ, ಅದಕ್ಕೇ ಹೇಳುವುದು.

"ದೊಡ್ಡ ಊರಲ್ಲಿ ಸರಿ, ತಾಲೂಕಿನಲ್ಲಿ ಇಂಥ ಕೆಲಸ ಎಲ್ಲಿ?" ಎಂದು ಕೇಳಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ನೋಡಿ. ವಾಟ್ಸಾಪ್ ಮೆಸೇಜು, ಸಿಸಿಟಿವಿ ದೃಶ್ಯ, ಫೋನಿನ ರೆಕಾರ್ಡಿಂಗು, ಇವುಗಳ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ಕೊಡುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು, ಅಂದರೆ ಆ ಫೈಲಿನ ಬೆರಳಚ್ಚು. ಒಂದು ಅಕ್ಷರ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಗಂಡ ಹೆಂಡತಿ ಜಗಳದಿಂದ ಚೆಕ್ ಬೌನ್ಸಿನವರೆಗೆ ಈಗ ಫೋನು ಸಾಕ್ಷಿಯಾಗದ ಕೇಸು ಎಷ್ಟಿದೆ? ಹೊಸದುರ್ಗ, ಅಕ್ಕಲಕೋಟೆ, ಆದವಾನಿ, ಹೊಸೂರಿನ ಕೋರ್ಟಿಗೂ ಅದು ಬರುತ್ತದೆ. ಹ್ಯಾಶ್ ಎಂದರೇನು ಎಂದು ನ್ಯಾಯಾಧೀಶರಿಗೆ ಎರಡು ವಾಕ್ಯದಲ್ಲಿ ಬಿಡಿಸಿ ಹೇಳುವವರು ಅಲ್ಲಿ ಬೇಕು.

ಕೊನೆಯ ಮಾತು. ಇದು ನಿಮ್ಮಿಂದ ಆಗುತ್ತದೆ ಎಂದು ನಾವು ಯಾಕೆ ನಂಬಿದ್ದೇವೆ ಗೊತ್ತಾ?

ಗಡಿಯ ಮಕ್ಕಳಿಗೆ ಎರಡು ಭಾಷೆ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಹುಟ್ಟಿನಿಂದಲೇ ಇದೆ. ಹತ್ತನೇ ವಯಸ್ಸಿಗೇ ಅಜ್ಜಿಯ ಜೊತೆ ವಿಲೇಜ್ ಆಫೀಸಿಗೆ ಹೋಗಿ, ಅಲ್ಲಿನವರು ಮಲಯಾಳದಲ್ಲಿ ಹೇಳಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ, ಅಜ್ಜಿಯ ಮಾತನ್ನು ವಾಪಸ್ ಮಲಯಾಳದಲ್ಲಿ ಒಪ್ಪಿಸಿದವರು ನೀವು. ಜತ್ತದಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಮಡಕಶಿರಾದಲ್ಲಿ ತೆಲುಗು, ಕೆಲಸ ಒಂದೇ. ಎರಡೂ ಕಡೆಯವರಿಗೆ ಅರ್ಥ ಆಗುವ ಹಾಗೆ ಹೇಳುವುದು, ನಡುವೆ ಒಂದಕ್ಷರ ಕಳೆಯದೆ. ಮೋಗ್ಲೆನ್ ಮಾಡಿದ್ದೂ ಅದೇ. ಒಂದು ಕಡೆ ಕೋಡು, ಇನ್ನೊಂದು ಕಡೆ ಕಾಯ್ದೆ, ನಡುವೆ ಒಬ್ಬ ದುಭಾಷಿ. ಇಷ್ಟು ವರ್ಷ ಕೊರತೆ ಎಂದುಕೊಂಡು ಹೊತ್ತದ್ದು ಇಲ್ಲಿ ಬಂಡವಾಳ ಆಗುತ್ತದೆ.

ಹಣ್ಣಿನ ಅಂಗಡಿಯವರು ಈಗಲೂ ನಮ್ಮ ಕೌಂಟರಿಗೆ ಬರ್ತಾರೆ. ಬಂದಾಗೆಲ್ಲ ಒಂದೇ ಪ್ರಶ್ನೆ: "ಇನ್ನೊಮ್ಮೆ ಹಾಗಾದ್ರೆ ಯಾರ ಹತ್ತಿರ ಹೋಗ್ಬೇಕು?" ನಮ್ಮ ಹತ್ತಿರ ಇನ್ನೂ ಉತ್ತರ ಇಲ್ಲ. ನಿಮ್ಮಲ್ಲಿ ಒಬ್ಬರು ಐದಾರು ವರ್ಷದಲ್ಲಿ ಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಕೋಣೆ ಹಿಡಿದು ಬೋರ್ಡು ಹಾಕಿ, ಮೇಲೆ ಕನ್ನ‍ಡದಲ್ಲಿ ಹೆಸರು ಬರೆಸಿ. ನಾವು ಅವರನ್ನು ಅಲ್ಲಿಗೆ ಕಳಿಸ್ತೇವೆ. ಪೇ-ಇನ್ ಸ್ಲಿಪ್ಪು ಬೇಕಾದರೆ ಅದೂ ನಮ್ಮಲ್ಲಿ ಉಂಟು.